11 ಪರ್ಸೆಂಟಿನಲ್ಲಿ ನಿಂತ ಲ್ಯಾಪ್‌ಟಾಪ್

2025ರ ಅಕ್ಟೋಬರ್ 23, ಗುರುವಾರ. ಬಲಿಪಾಡ್ಯಮಿಯ ಮಾರನೇ ದಿನ. ಬೆಂಗಳೂರಿನ ಹನುಮಂತನಗರದ ನನ್ನ ರಿಪೇರಿ ಅಂಗಡಿ ಮುಂದೆ ಪಟಾಕಿ ಕಾಗದ ಇನ್ನೂ ಒದ್ದೆಯಾಗಿ ಬಿದ್ದಿತ್ತು. ಬೆಳಿಗ್ಗೆ ಷಟರ್ ಎತ್ತುವಷ್ಟರಲ್ಲಿ ಚಾಮರಾಜಪೇಟೆಯ ಡಿಟಿಪಿ ಅಕ್ಕ ಬಂದು ಕಾಯುತ್ತಿದ್ದರು. ಕೈಯಲ್ಲಿ ಬಟ್ಟೆ ಚೀಲ. ಚೀಲದೊಳಗೆ ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್.

ಅವರನ್ನು ಹತ್ತು ವರ್ಷದಿಂದ ಬಲ್ಲೆ. ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತಾರೆ. ಸುಲ್ತಾನ್‌ಪೇಟೆಯ ಅಂಗಡಿಗಳಿಗೆ ಮದುವೆ ಕಾರ್ಡು, ಸಂಘಗಳಿಗೆ ವಾರ್ಷಿಕ ವರದಿ, ನಿವೃತ್ತ ಮೇಷ್ಟ್ರುಗಳಿಗೆ ಕವನ ಸಂಕಲನ. ಆ ವಾರ ಕೈಯಲ್ಲಿದ್ದದ್ದು ಒಂದು ಕನ್ನಡ ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆ. 96 ಪುಟ. ನವೆಂಬರ್ 1ಕ್ಕೆ ಬಿಡುಗಡೆ. ಪ್ರೆಸ್ಸಿಗೆ 28ನೇ ತಾರೀಖು ಮಂಗಳವಾರ ಕೊಡಲೇಬೇಕು.

"ನೋಡಪ್ಪ, ಆನ್ ಆಗತ್ತೆ. ಕಂಪನಿ ಹೆಸರು ಬರತ್ತೆ. ಆಮೇಲೆ ಆ ಚುಕ್ಕಿಗಳು ಸುತ್ತುತ್ತಾನೇ ಇರತ್ತೆ. ಒಳಗೆ ಹೋಗಲ್ಲ."

"ಎಷ್ಟು ದಿನದಿಂದ ಅಕ್ಕಾ?"

"ಹಬ್ಬದ ಹಿಂದಿನ ದಿನದಿಂದ. ಮನೆ ಹತ್ರ ತೋರಿಸ್ದೆ. ವಿಂಡೋಸ್ 10 ನಿಲ್ಲಿಸಿಬಿಟ್ಟಿದಾರಂತೆ. ಅದಕ್ಕೇ ಓಪನ್ ಆಗ್ತಿಲ್ವಂತೆ. ಫಾರ್ಮ್ಯಾಟ್ ಮಾಡಿ 11 ಹಾಕ್ಬೇಕು ಅಂದ್ರು. ಫಾರ್ಮ್ಯಾಟ್ ಅಂದ ತಕ್ಷಣ ನಾನು ಎತ್ಕೊಂಡು ಬಂದ್ಬಿಟ್ಟೆ."

ಎತ್ಕೊಂಡು ಬಂದದ್ದೇ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿರುವುದಕ್ಕೆ ಕಾರಣವೂ ಅದೇ. ಅರ್ಧಕ್ಕೆ ನಿಲ್ಲುವ ಲ್ಯಾಪ್‌ಟಾಪ್ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಅದನ್ನು ಹೇಗಾದರೂ ಆನ್ ಮಾಡಲು ನೋಡುತ್ತೇವೆ. ಮೊದಲು ಮಾಡಬೇಕಾದದ್ದು ಒಳಗಿರುವ ಕೆಲಸವನ್ನು ಹೊರಗೆ ತೆಗೆಯುವುದು. ಆನ್ ಮಾಡುವುದು ಆಮೇಲಿನ ಮಾತು.

ವಿಂಡೋಸ್ 10ರ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ತಿಂಗಳು ನನ್ನ ಅಂಗಡಿಗೆ ಬಂದ ಅರ್ಧ ಜನ ಇದನ್ನೇ ಕೇಳಿದರು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದದ್ದು ನಿಜ. ಆದರೆ ಬೆಂಬಲ ಮುಗಿಯುವುದು ಅಂದರೆ ಸುರಕ್ಷತಾ ಅಪ್‌ಡೇಟ್ ಬರುವುದು ನಿಲ್ಲುತ್ತದೆ ಅಂತ ಅಷ್ಟೇ. ಇರುವ ವಿಂಡೋಸ್ ಎಂದಿನಂತೆ ಆನ್ ಆಗುತ್ತದೆ, ಕೆಲಸ ಮಾಡುತ್ತದೆ. ಯಾರೂ ಅದಕ್ಕೆ ಬೀಗ ಹಾಕುವುದಿಲ್ಲ. ಅಕ್ಕನ ಲ್ಯಾಪ್‌ಟಾಪ್ ಕೆಟ್ಟದ್ದು ಅದೇ ವಾರ ಆದ್ದರಿಂದ ಎರಡಕ್ಕೂ ಗಂಟು ಬಿದ್ದಿತ್ತು. ಇನ್ನೊಂದು ವಿಷಯ. ಆ ಲ್ಯಾಪ್‌ಟಾಪ್ 2017ರ ಆರಂಭದಲ್ಲಿ ಕೊಂಡದ್ದು. ಒಳಗಿರುವುದು ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಕೇಳುವುದು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ಅಂದರೆ ಆ ಸಲಹೆ ಮೊದಲಿನಿಂದಲೂ ಹೊಂದುತ್ತಿರಲಿಲ್ಲ.

ಎಲ್ಲಿ ನಿಂತಿದೆ?

ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಬನಶಂಕರಿಗೆ ಬರಲಿಲ್ಲ ಅಂದರೆ ಯಾವ ಸ್ಟಾಪಿನವರೆಗೆ ಬಂದಿತ್ತು ಅಂತ ಕೇಳುತ್ತೇವಲ್ಲ, ಇಲ್ಲಿಯೂ ಹಾಗೇ. ಲೈಟೇ ಹತ್ತದಿದ್ದರೆ ಅಡಾಪ್ಟರ್, ಚಾರ್ಜಿಂಗ್ ಪಿನ್, ಬೋರ್ಡು ನೋಡಬೇಕು. ಲೈಟ್ ಹತ್ತಿ ಪರದೆ ಕಪ್ಪಾಗೇ ಇದ್ದರೆ ಸಾಮಾನ್ಯವಾಗಿ ರ‍್ಯಾಮ್ ಕಡೆ ಕೈ ಹೋಗುತ್ತದೆ. ಕಂಪನಿ ಲೋಗೊ ಬಂತು ಅಂದರೆ ಯಂತ್ರ ತನ್ನನ್ನು ತಾನು ಪರೀಕ್ಷಿಸಿಕೊಂಡು ಆಗಿದೆ. ಪ್ರೊಸೆಸರ್, ರ‍್ಯಾಮ್, ಪರದೆ ತಕ್ಕ ಮಟ್ಟಿಗೆ ಸರಿ ಇವೆ. ಲೋಗೊ ಕೆಳಗೆ ಚುಕ್ಕಿಗಳು ಸುತ್ತಲು ಶುರುವಾದರೆ ವಿಂಡೋಸ್ ಡಿಸ್ಕಿನಿಂದ ಎದ್ದು ಬಂದು, ಯಂತ್ರದ ಭಾಗಗಳನ್ನು ನಡೆಸುವ ತನ್ನ ಡ್ರೈವರ್‌ಗಳನ್ನು ಒಂದೊಂದಾಗಿ ಕರೆಯುತ್ತಿದೆ ಅಂತ ಅರ್ಥ.

ಅಕ್ಕನದು ಅಲ್ಲಿ ನಿಂತಿತ್ತು. ಹಾಗಾಗಿ ಉಳಿದದ್ದು ಎರಡೇ ದಾರಿ. ವಿಂಡೋಸ್ ಒಳಗೇನೋ ಕೆಟ್ಟಿದೆ, ಇಲ್ಲ ವಿಂಡೋಸ್ ಇರುವ ಡಿಸ್ಕೇ ಕೆಟ್ಟಿದೆ.

ಮೊದಲನೆಯದು ಅಪರೂಪವೇನಲ್ಲ. 2024ರ ಜುಲೈ 19ರಂದು ಒಂದೇ ದಿನ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಪೂರ್ತಿ ಎದ್ದೇಳದೆ ನೀಲಿ ಪರದೆಯಲ್ಲಿ ನಿಂತವು. ಒಂದು ಸೆಕ್ಯುರಿಟಿ ತಂತ್ರಾಂಶದ ಅಪ್‌ಡೇಟಿನಲ್ಲಿ ಬಂದ ಒಂದು ತಪ್ಪು ಫೈಲಿನಿಂದ ಆದದ್ದು ಅದು. ತೀರಾ ಅಗತ್ಯದ ಫೈಲುಗಳಿಂದಷ್ಟೇ ವಿಂಡೋಸ್ ಎದ್ದೇಳುವ ಸೇಫ್ ಮೋಡಿಗೆ ಹೋಗಿ ಆ ಫೈಲ್ ಅಳಿಸಿದರೆ ಸಾಕಿತ್ತು. ಡಿಸ್ಕುಗಳಿಗೆ ಏನೂ ಆಗಿರಲಿಲ್ಲ. ಇಂಥ ಕೇಸಿನಲ್ಲಿ ಸೇಫ್ ಮೋಡ್, ಸ್ಟಾರ್ಟಪ್ ರಿಪೇರ್ ಎಲ್ಲವೂ ಸರಿಯಾದ ಹೆಜ್ಜೆಗಳೇ. ಎರಡನೆಯ ಬಗೆಯ ಕೇಸಿನಲ್ಲಿ ಅದೇ ಹೆಜ್ಜೆಗಳು ಇರುವುದನ್ನೂ ಕಳೆಯುತ್ತವೆ. ಆದ್ದರಿಂದ ಯಾವ ಬಗೆ ಅಂತ ತಿಳಿಯುವವರೆಗೆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಅಕ್ಕನಿಗೆ ಟೀ ತರಿಸಿ, ಕೂರಿಸಿ ಮತ್ತೆ ಮಾತಾಡಿದೆ. ರಿಪೇರಿಯಲ್ಲಿ ಸ್ಕ್ರೂ ಡ್ರೈವರ್‌ಗಿಂತ ಈ ಮಾತೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

"ಚುಕ್ಕಿ ಸುತ್ತೋದು ಬಿಟ್ಟು ಬೇರೆ ಏನಾದ್ರೂ ಬಂತಾ?"

"ಒಂದ್ಸಲ ಬಂತು. ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಅಂತ. 11 ಪರ್ಸೆಂಟ್ ತೋರಿಸ್ತು. ರಾತ್ರಿ ಹಾಗೇ ಬಿಟ್ಟು ಮಲಗ್ದೆ. ಬೆಳಿಗ್ಗೆ ಎದ್ರೂ 11 ಪರ್ಸೆಂಟೇ. ಆಫ್ ಮಾಡ್ಬಿಟ್ಟೆ."

"ಬ್ಯಾಟರಿ ಎಲ್ಲಿ?" ಲ್ಯಾಪ್‌ಟಾಪ್ ತಿರುಗಿಸಿದರೆ ಬ್ಯಾಟರಿಯ ಜಾಗ ಖಾಲಿ ಇತ್ತು.

"ಹೋದ ವರ್ಷ ಉಬ್ಬಿಬಿಟ್ಟಿತ್ತಲ್ಲ, ತೆಗೆಸ್ಬಿಟ್ಟೆ. ಅಡಾಪ್ಟರ್‌ನಲ್ಲೇ ನಡೀತಿತ್ತು."

"ಕರೆಂಟ್ ಹೋದ್ರೆ?"

"ಟಪ್ ಅಂತ ಆಫ್ ಆಗತ್ತೆ. ಈ ಮಳೇಲಿ ದಿನಾ ಆಗ್ತಿತ್ತು. ಅದಕ್ಕೇ ನಾನು ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡ್ತೀನಿ."

ಉಬ್ಬಿದ ಬ್ಯಾಟರಿ ತೆಗೆದದ್ದು ಸರಿ. ಅದು ಬೆಂಕಿಯ ವಿಷಯ, ಒಂದು ದಿನವೂ ಒಳಗೆ ಇಟ್ಟುಕೊಳ್ಳಬಾರದು. ಹೊಸದು ಹಾಕಿಸದೆ ಒಂದು ವರ್ಷ ನಡೆಸಿದ್ದು ದುಬಾರಿಯಾಯಿತು. ಆದರೆ ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಕಿವಿ ಮತ್ತು ಗಡಿಯಾರ

ಮೊದಲು ಚುಚ್ಚಿದ್ದನ್ನೆಲ್ಲ ತೆಗೆದೆ. ಮೌಸ್, ಪ್ರಿಂಟರ್ ಕೇಬಲ್, ಕನ್ನಡ ಫಾಂಟ್ ತಂತ್ರಾಂಶದ ಡಾಂಗಲ್, ಅಂದರೆ ಚುಚ್ಚಿದ್ದರೆ ಮಾತ್ರ ಆ ತಂತ್ರಾಂಶ ನಡೆಯುವ ಕೀಲಿ. ಕೆಲವೊಮ್ಮೆ ಕೆಟ್ಟ ಯುಎಸ್‌ಬಿ ಸಾಧನವೊಂದೇ ಲ್ಯಾಪ್‌ಟಾಪನ್ನು ಅಲ್ಲಾಡದಂತೆ ಹಿಡಿದಿರುತ್ತದೆ. ಅಡಾಪ್ಟರ್ ಕಿತ್ತು ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಉಳಿದ ಚಾರ್ಜ್ ಇಳಿಯಲಿ ಅಂತ. ಆಮೇಲೆ ಆನ್ ಮಾಡಿ ಎಫ್2 ಒತ್ತಿದೆ. ವಿಂಡೋಸ್ ಕಡೆ ಹೋಗದೆ ಸೀದಾ ಬಯೋಸ್ ಸೆಟಪ್ಪಿಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗುಗಳ ಪುಟಕ್ಕೆ. ಯಾವ ಕೀ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಎಫ್2, ಎಫ್10, ಡಿಲೀಟ್ ಇವುಗಳಲ್ಲೊಂದು ಇರುತ್ತದೆ.

ಸೆಟಪ್ ತೆರೆಯಲು ನಾಲ್ಕೈದು ಸೆಕೆಂಡ್ ಸಾಕು. ಇಲ್ಲಿ 38 ಸೆಕೆಂಡ್ ಹಿಡಿಯಿತು. ಕೈಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇತ್ತು. ಬಹಳ ಜನ ಇಲ್ಲೇ ಎಡವುತ್ತಾರೆ. "ಬಯೋಸ್‌ನಲ್ಲಿ ಡಿಸ್ಕ್ ತೋರಿಸ್ತಿದೆ, ಹಾಗಾದ್ರೆ ಡಿಸ್ಕ್ ಸರಿ ಇದೆ" ಅಂದುಕೊಳ್ಳುತ್ತಾರೆ. ಡಿಸ್ಕ್ ತನ್ನ ಹೆಸರು ಹೇಳುವುದಕ್ಕೂ ತನ್ನಲ್ಲಿರುವುದನ್ನು ಓದಿ ಕೊಡುವುದಕ್ಕೂ ಬಹಳ ದೂರ.

ಆಫ್ ಮಾಡಿ ಹಿಂದಿನ ಮುಚ್ಚಳ ಬಿಚ್ಚಿದೆ. ಎರಡೂವರೆ ಇಂಚಿನ, 1 ಟಿಬಿಯ, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಅದನ್ನು ಪಕ್ಕಕ್ಕೆ ಎಳೆದು, ಡಿಸ್ಕ್ ಇಲ್ಲದೆಯೇ ಆನ್ ಮಾಡಿ ಎಫ್2 ಒತ್ತಿದೆ. ನಾಲ್ಕು ಸೆಕೆಂಡ್. ಸೆಟಪ್ ಬಂತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಯಂತ್ರ ತಡವರಿಸುತ್ತಿದ್ದದ್ದು ಡಿಸ್ಕಿಗಾಗಿ ಕಾಯುತ್ತಾ.

ಡಿಸ್ಕನ್ನು ಮತ್ತೆ ಕೂರಿಸಿ, ಕಿವಿ ಹತ್ತಿರ ಇಟ್ಟು ಆನ್ ಮಾಡಿದೆ. ಮೊದಲು ತಟ್ಟೆಗಳು ವೇಗ ಹಿಡಿಯುವ ಸಣ್ಣ ಝೇಂಕಾರ. ಅದು ಸರಿ ಇತ್ತು. ಆಮೇಲೆ ತಟ್ಟೆಯಲ್ಲಿರುವುದನ್ನು ಓದುವ ಹೆಡ್ ಓಡಾಡುವ ಕಿರುಕಿರು ಸದ್ದು. ಅದೂ ಸರಿ. ನಂತರ ಒಂದು ಜಾಗದಲ್ಲಿ ಟಿಕ್. ಒಂದು ಕ್ಷಣ ಮೌನ. ಟಿಕ್. ಮೌನ. ಟಿಕ್. ನೆಲದ ಮೇಲೆ ಬಿದ್ದ ಸೂಜಿಯನ್ನು ಒಂದೇ ಕಡೆ ಮತ್ತೆ ಮತ್ತೆ ತಡಕಾಡಿದ ಹಾಗೆ.

ಆ ಸದ್ದಿನ ಅರ್ಥ ಇಷ್ಟು. ಒಂದು ಸೆಕ್ಟರ್, ಅಂದರೆ ತಟ್ಟೆಯ ಒಂದು ಚಿಕ್ಕ ತುಣುಕು, ಓದಲು ಆಗದಿದ್ದರೆ ಹಾರ್ಡ್ ಡಿಸ್ಕ್ ತಕ್ಷಣ ಆಗಲಿಲ್ಲ ಅಂತ ಕೈ ಚೆಲ್ಲುವುದಿಲ್ಲ. ಅದೇ ಜಾಗವನ್ನು ಮತ್ತೆ ಓದುತ್ತದೆ, ಮತ್ತೆ ಓದುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಉತ್ತರಕ್ಕೆ ಕಾಯುತ್ತಿರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಕೆಟ್ಟ ಸೆಕ್ಟರ್ ಇದ್ದರೆ ಮತ್ತೆ ಕಾಯುವುದು. ನಮ್ಮ ಕಣ್ಣಿಗೆ ಕಾಣುವುದು ಸುತ್ತುವ ಚುಕ್ಕಿಗಳು ಮಾತ್ರ. ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ ಅನ್ನುತ್ತೇವೆ. ನಿಜದಲ್ಲಿ ಅದು ಕಾಯುತ್ತಿದೆ.

ಅಕ್ಕ ನೋಡಿದ 11 ಪರ್ಸೆಂಟೂ ಅದೇ. ಪೂರ್ತಿ ಎದ್ದೇಳಲು ಕೆಲವು ಸಲ ಆಗದೇ ಹೋದರೆ ವಿಂಡೋಸ್ ತಾನಾಗಿಯೇ ರಿಪೇರಿಗೆ ಇಳಿಯುತ್ತದೆ. ಚೆಕ್‌ಡಿಸ್ಕ್ ಅನ್ನುವ, ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಸಾಧನ ಓಡುತ್ತದೆ. ಚೆಕ್‌ಡಿಸ್ಕ್‌ಗೆ ಬೇಕಾಗಿರುವುದು ಡಿಸ್ಕಿನ ಲೆಕ್ಕ ಸರಿಹೋಗುವುದು. ನಿಮ್ಮ ಫೈಲ್ ಉಳಿಯುವುದು ಅದರ ಮೊದಲ ಚಿಂತೆಯಲ್ಲ. ಒಂದು ಫೈಲಿನ ದಾಖಲೆ ಓದಲು ಆಗದಿದ್ದರೆ ಅದನ್ನು ಕತ್ತರಿಸಿ ಬದಿಗೆ ಹಾಕಿ ಲೆಕ್ಕ ಸರಿಮಾಡಿಬಿಡಬಹುದು. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಇದು ಒಳ್ಳೆಯ ಸಾಧನ. ಸಾಯುತ್ತಿರುವ ಡಿಸ್ಕಿನಲ್ಲಿ, ಅದೂ ಇನ್ನೊಂದು ಪ್ರತಿ ಇಲ್ಲದಿರುವಾಗ, ಇದನ್ನು ಓಡಿಸಲು ನಾನು ಯಾವತ್ತೂ ಒಪ್ಪುವುದಿಲ್ಲ.

ಫಾರ್ಮ್ಯಾಟ್ ಮಾಡಿದ್ದರೆ ಇನ್ನೂ ಕಷ್ಟವಿತ್ತು. ಹೊಸ ವಿಂಡೋಸ್ 20 ಜಿಬಿಗೂ ಜಾಸ್ತಿ ಬರೆಯುತ್ತದೆ. ಹಳೆಯ ಫೈಲುಗಳ ಮೇಲೇ ಬರೆಯುತ್ತದೆ. ಅದೂ ಅದೇ ಕೆಟ್ಟ ಡಿಸ್ಕಿಗೆ. ಒಂದು ತಿಂಗಳಲ್ಲಿ ಮತ್ತೆ ಅದೇ ಚುಕ್ಕಿಗಳು ಸುತ್ತುತ್ತಿದ್ದವು.

ಡಿಸ್ಕ್ ಬರೆದಿಟ್ಟುಕೊಂಡ ಡೈರಿ

ನನ್ನ ಹತ್ತಿರ ಯಾವಾಗಲೂ, ವಿಂಡೋಸ್ ಬದಲು ಓಡಿಸಬಹುದಾದ ಲಿನಕ್ಸ್ ಮಿಂಟ್ ಹಾಕಿದ ಒಂದು ಪೆನ್‌ಡ್ರೈವ್ ಇರುತ್ತದೆ. ಎಫ್12 ಒತ್ತಿ ಅದರಿಂದ ಆನ್ ಮಾಡಿದೆ. ಎರಡು ನಿಮಿಷದಲ್ಲಿ ಪರದೆ ಪೂರ್ತಿ ಬಂತು. ವೈಫೈ, ಕೀಬೋರ್ಡು, ಟಚ್‌ಪ್ಯಾಡು, ಶಬ್ದ ಎಲ್ಲವೂ ನಡೆಯಿತು. ಅಂದರೆ ಯಂತ್ರದ ಉಳಿದ ಭಾಗದ ಬಗ್ಗೆ ಚಿಂತೆ ಬಿಡಬಹುದು. ಅಕ್ಕನ ಮುಖ ಸ್ವಲ್ಪ ಅರಳಿತು. "ಬಂತಲ್ಲಪ್ಪಾ!" ಅಂದರು. ಇದು ಬೇರೆ ಅಕ್ಕಾ, ಪೆನ್‌ಡ್ರೈವಿನಿಂದ ಬಂದದ್ದು ಅಂತ ಹೇಳಬೇಕಾಯಿತು.

ಹಾರ್ಡ್ ಡಿಸ್ಕುಗಳು ತಮ್ಮ ಆರೋಗ್ಯದ ಡೈರಿಯನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಸ್ಮಾರ್ಟ್ ಅನ್ನುವುದು ಆ ದಾಖಲೆಯ ಹೆಸರು. ಲಿನಕ್ಸಿನ ಡಿಸ್ಕ್ಸ್ ಅನ್ನುವ ಆ್ಯಪಿನಲ್ಲಿ ತೆರೆದು ನೋಡಿದೆ. ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತದೆ. ನಾನು ಮೊದಲು ನೋಡುವುದು ನಾಲ್ಕು ಸಾಲು.

ನಂಬರ್ 9, ಡಿಸ್ಕ್ ಓಡಿದ ಗಂಟೆಗಳು: 21,480. ದಿನಕ್ಕೆ ಏಳೆಂಟು ಗಂಟೆಯಂತೆ ಎಂಟೂವರೆ ವರ್ಷ. ಅಕ್ಕನ ದುಡಿಮೆಯೇ ಅಲ್ಲಿ ಅಂಕಿಯಾಗಿ ಕೂತಿತ್ತು. ನಂಬರ್ 5, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು: 48. ನಂಬರ್ 197, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು: 376. ಇದು ಸೊನ್ನೆ ಇರಬೇಕಾದ ಸಾಲು.

ನಾಲ್ಕನೆಯದು ನಂಬರ್ 192. ಬಹಳ ಜನ ಇದನ್ನು ನೋಡುವುದೇ ಇಲ್ಲ. ಓಡುತ್ತಿರುವಾಗ ಕರೆಂಟ್ ಹಠಾತ್ತನೆ ಹೋಗಿ, ಡಿಸ್ಕ್ ತನ್ನ ಹೆಡ್ಡನ್ನು ತುರ್ತಾಗಿ ಹಿಂದಕ್ಕೆ ಎಳೆದುಕೊಂಡದ್ದು ಎಷ್ಟು ಸಲ ಅನ್ನುವ ಲೆಕ್ಕ. ಇಲ್ಲಿ 1,213 ಇತ್ತು.

ಹೆಡ್ ಅನ್ನುವುದು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಟ್ಟೆಗೆ ತಾಗುವುದಿಲ್ಲ. ಶಟ್‌ಡೌನ್ ಮಾಡಿದಾಗ ಅದು ನಿಧಾನವಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕರೆಂಟ್ ಟಪ್ ಅಂತ ಹೋದರೆ ಆ ಸಮಯ ಇರುವುದಿಲ್ಲ. ಇನ್ನೂ ತಿರುಗುತ್ತಿರುವ ತಟ್ಟೆಯ ಬಲದಿಂದಲೇ ಒಂದಿಷ್ಟು ವಿದ್ಯುತ್ ಪಡೆದು, ಹೆಡ್ಡನ್ನು ಜೋರಾಗಿ ಬದಿಗೆ ಎಳೆದುಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಏನನ್ನಾದರೂ ಬರೆಯುತ್ತಿದ್ದರೆ ಆ ಸೆಕ್ಟರ್ ಅರ್ಧ ಬರೆದ ಸ್ಥಿತಿಯಲ್ಲೇ ಉಳಿಯಬಹುದು. ಮುಂದೆ ಓದಲು ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡುವವರಿಗೆ ಈ ಅಪಾಯ ಜಾಸ್ತಿ. ಅಕ್ಕ ಎಚ್ಚರಿಕೆಯಿಂದ ಇದ್ದರು. ಆ ಎಚ್ಚರಿಕೆಗೆ ಬೆನ್ನಿಗೆ ಬ್ಯಾಟರಿ ಇರಲಿಲ್ಲ. ಡಿಸ್ಕಿನ ವಯಸ್ಸೂ ಸೇರಿಕೊಂಡಿತು. ನನ್ನ ಪ್ರಕಾರ ಇಷ್ಟೇ ಕಾರಣ.

ಸ್ಮರಣ ಸಂಚಿಕೆ ಮೊದಲು

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಕೆಟ್ಟ ಡಿಸ್ಕ್ ಸಿಕ್ಕಾಗ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಯಬೇಕು, ಆಮೇಲೆ ಆ ಪ್ರತಿಯಲ್ಲಿ ಫೈಲ್ ಹುಡುಕಬೇಕು. ಇದು ನಾವು ಪಾಲಿಸುವ ಕ್ರಮ. ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಿದರೆ ಹೆಡ್ ಅತ್ತಿಂದಿತ್ತ ಓಡಾಡಿ ಸುಸ್ತಾಗುತ್ತದೆ. ಆದರೆ ಇಡೀ ಡಿಸ್ಕಿನ ಪ್ರತಿಗೆ ಒಂದು ದಿನವಾದರೂ ಬೇಕು. ನಡುವೆ ಡಿಸ್ಕ್ ಸತ್ತರೆ? ಸ್ಮರಣ ಸಂಚಿಕೆಯ ಫೋಲ್ಡರ್ ಕೇವಲ 2.6 ಜಿಬಿ. ಐದು ದಿನದಲ್ಲಿ ಪ್ರೆಸ್ಸಿಗೆ ಹೋಗಬೇಕಾದದ್ದು ಅದೊಂದೇ.

ನಾನು ಕ್ರಮ ಮುರಿದೆ. ಡಿಸ್ಕಿಗೆ ಒಂದಕ್ಷರವೂ ಬರೆಯದಂತೆ ಓದಲು ಮಾತ್ರ ತೆರೆಯುವ ಬಗೆಯಲ್ಲಿ ತೆರೆದು, ಆ ಒಂದು ಫೋಲ್ಡರನ್ನು ಕಾಪಿಗೆ ಹಾಕಿದೆ. ತೀರ್ಮಾನ ಸರಿಯೇ ಆಗಿತ್ತು ಅಂತ ಈಗಲೂ ಅಂದುಕೊಂಡಿದ್ದೇನೆ. ಡಿಸ್ಕ್ ಇನ್ನೂ ಸರಾಗವಾಗಿ ತಿರುಗುತ್ತಿತ್ತು, ಬೇಕಾದದ್ದು ಚಿಕ್ಕದು. ಟಕ್ ಟಕ್ ಅಂತ ಜೋರಾಗಿ ಬಡಿಯುವ ಡಿಸ್ಕ್ ಆಗಿದ್ದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ಲ್ಯಾಬಿಗೆ ಕಳಿಸುತ್ತಿದ್ದೆ.

ಡಿಸ್ಕಿಗೆ ಎನ್‌ಕ್ರಿಪ್ಷನ್ ಇರಲಿಲ್ಲ, ಅದು ನಮ್ಮ ಪುಣ್ಯ. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ಬೀಗ ತಾನಾಗಿಯೇ ಬೀಳುವುದು ಸಾಮಾನ್ಯ. ಆಗ ಪೆನ್‌ಡ್ರೈವಿನಿಂದ ಒಳಗೆ ಹೋಗಲು 48 ಅಂಕಿಯ ರಿಕವರಿ ಕೀ ಬೇಕು. ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಇರುತ್ತದೆ. ನಿಮ್ಮದು ಹೊಸ ಲ್ಯಾಪ್‌ಟಾಪ್ ಆಗಿದ್ದರೆ, ಅದು ಸರಿ ಇರುವಾಗಲೇ ಆ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ.

14 ನಿಮಿಷದಲ್ಲಿ ಕಾಪಿ ಮುಗಿಯಿತು. ಒಂದು ಫೋಟೊ ಮಾತ್ರ ಬರಲಿಲ್ಲ. 61ನೇ ಪುಟದ, ಸಂಘದ ಹಳೆಯ ನಾಟಕವೊಂದರ ಚಿತ್ರ. ಅಕ್ಕ ಅಲ್ಲೇ ಕೂತು ಕಳಿಸಿದವರಿಗೆ ಫೋನ್ ಮಾಡಿದರು. "ವಾಟ್ಸಾಪ್‌ನಲ್ಲಿ ಫೋಟೊ ಅಂತ ಹಾಕ್ಬೇಡಿ ಸಾರ್, ಡಾಕ್ಯುಮೆಂಟ್ ಅಂತ ಹಾಕಿ. ಪ್ರಿಂಟಿಗೆ ಕ್ಲಾರಿಟಿ ಬೇಕು." ನಾನು ಹೇಳಿಕೊಡುವ ಮೊದಲೇ ಅವರಿಗೆ ಗೊತ್ತಿತ್ತು.

ಫೋಲ್ಡರ್ ಸಿಕ್ಕರೆ ಕೆಲಸ ಮುಗಿಯಿತು ಅಂತ ಬೇರೆಯವರ ವಿಷಯದಲ್ಲಿ ಹೇಳಬಹುದು. ಕನ್ನಡ ಡಿಟಿಪಿಯಲ್ಲಿ ಹಾಗಲ್ಲ. ಅಕ್ಕ ಕೆಲಸ ಮಾಡುವುದು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ, ಅಂದರೆ ಈಗ ಮೊಬೈಲು, ವೆಬ್‌ಸೈಟುಗಳಲ್ಲಿ ಬಳಸುವ ಕನ್ನಡ, ಅರ್ಥವಾಗುವುದಿಲ್ಲ. ಹಾಗಾಗಿ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಬಗೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಾರೆ. ಅಲ್ಲಿ ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವನ್ನೇ. ಅದರ ಮೇಲೆ ಕನ್ನಡದ ರೂಪ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಪುಟದ ತುಂಬ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಪರಭಾಷೆಯ ಅಕ್ಷರಗಳು ಮೆರವಣಿಗೆ ಹೊರಡುತ್ತವೆ. ಹತ್ತಾರು ಫಾಂಟುಗಳು, ಡಾಂಗಲ್ಲಿನ ತಂತ್ರಾಂಶ, ಅದರ ಕಳೆದುಹೋದ ಸಿಡಿ, ಇಪ್ಪತ್ತು ವರ್ಷದ ಟೆಂಪ್ಲೇಟುಗಳು. ಇದೆಲ್ಲ ಸೇರಿದರೆ ಮಾತ್ರ ಅಕ್ಕನ ಕಚೇರಿ. ಆದ್ದರಿಂದ ಹೊಸ ವಿಂಡೋಸ್ ಹಾಕುವುದನ್ನು ಕೈಬಿಟ್ಟೆ. ಇದ್ದ ವಿಂಡೋಸನ್ನೇ ಇದ್ದಂತೆ ಹೊಸ ಡಿಸ್ಕಿಗೆ ಸಾಗಿಸಲು ನೋಡೋಣ ಅಂತ ತೀರ್ಮಾನವಾಯಿತು.

ಒಂದು ರಾತ್ರಿ, ಒಂದು ಹಗಲು

ಸಂಜೆ ಡಿಸ್ಕನ್ನು ಹೊರಗೆ ತೆಗೆದು ನನ್ನ ಡೆಸ್ಕ್‌ಟಾಪಿಗೆ ಜೋಡಿಸಿದೆ. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಹೊತ್ತುಗಟ್ಟಲೆ ಓದುವಾಗ ಕೆಟ್ಟ ಡಿಸ್ಕ್ ಬಿಸಿಯಾಗುತ್ತದೆ. ಎಂಟು ಗಂಟೆಗೆ, ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಶುರು ಮಾಡಿದೆ.

ಈ ಪುಟ್ಟ, ಉಚಿತ ತಂತ್ರಾಂಶವನ್ನು ನಾನು ಮನಸಾರೆ ಗೌರವಿಸುತ್ತೇನೆ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕ ಕೂಡಲೇ ನಿಲ್ಲುತ್ತದೆ. ಡಿಡಿರೆಸ್ಕ್ಯೂ ಕಷ್ಟದ ಜಾಗವನ್ನು ಗುರುತು ಹಾಕಿಕೊಂಡು ಬಿಟ್ಟು ಮುಂದೆ ಹೋಗುತ್ತದೆ. ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೊನೆಗೆ ಮಾತ್ರ ಕಷ್ಟದ ಜಾಗಗಳಿಗೆ ಹಿಂತಿರುಗುತ್ತದೆ. ಎಲ್ಲಿಯವರೆಗೆ ಆಯಿತು ಅನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆಯುತ್ತಾ ಹೋಗುತ್ತದೆ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು.

ಆರೋಗ್ಯವಂತ 1 ಟಿಬಿ ಡಿಸ್ಕಾದರೆ ಮೂರು ನಾಲ್ಕು ಗಂಟೆ ಸಾಕು. ಇದು ಆ ರಾತ್ರಿಯೆಲ್ಲ ಓಡಿತು. ನಡುರಾತ್ರಿ ಕಳೆದ ಮೇಲೆ ಕರೆಂಟ್ ಹೋಯಿತು. ಅಂಗಡಿಯ ಯುಪಿಎಸ್ ಬೀಪ್ ಬೀಪ್ ಅಂದದ್ದು ಹಿಂದಿನ ಮನೆಯಲ್ಲಿ ಮಲಗಿದ್ದ ನನಗೆ ಕೇಳಿಸಿತು. ಎದ್ದು ಬಂದು ಕತ್ತಲಲ್ಲಿ ಪರದೆ ನೋಡುತ್ತಾ ಕೂತೆ. ಹನ್ನೆರಡು ನಿಮಿಷಕ್ಕೆ ಕರೆಂಟ್ ಬಂತು. ಇನ್ನೂ ತಡವಾಗಿದ್ದರೆ ನಾನೇ ನಿಲ್ಲಿಸುತ್ತಿದ್ದೆ. ಮ್ಯಾಪ್ ಫೈಲ್ ಇತ್ತಲ್ಲ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ಕಷ್ಟದ ಜಾಗಗಳನ್ನು ಮೂರು ಸಲ ಓದಿಸಿದೆ. ಕೊನೆಗೂ ಸಿಗದೆ ಉಳಿದದ್ದು ಇಡೀ 1 ಟಿಬಿಯಲ್ಲಿ 3 ಎಂಬಿಗಿಂತ ಕಡಿಮೆ.

ಈ 3 ಎಂಬಿ ಯಾರ ಮನೆಯದು ಅಂತ ತಿಳಿಯಬೇಕಲ್ವಾ? ಅದಕ್ಕೂ ದಾರಿ ಇದೆ. ಡಿಡಿರೆಸ್ಕ್ಯೂಗೆ ಇನ್ನೊಂದು ಕೆಲಸ ಹೇಳಬಹುದು. ಪ್ರತಿಯಲ್ಲಿ ಖಾಲಿ ಉಳಿದ ಜಾಗಗಳಿಗೆಲ್ಲ ನಾವು ಕೊಟ್ಟ ಒಂದು ಗುರುತಿನ ಪದವನ್ನು ತುಂಬಿಸುತ್ತದೆ. ಆಮೇಲೆ ಯಾವ ಯಾವ ಫೈಲಿನೊಳಗೆ ಆ ಪದ ಸಿಗುತ್ತದೆ ಅಂತ ಹುಡುಕಿದರೆ ಪೆಟ್ಟು ತಿಂದ ಫೈಲುಗಳ ಹೆಸರು ಒಂದೊಂದಾಗಿ ಬರುತ್ತವೆ. ಇನ್ನೊಂದು ಪ್ರತಿ ಮಾಡಿಕೊಂಡು ಅದರಲ್ಲಿ ಹುಡುಕಿದೆ. ಏಳು ಫೈಲ್ ಸಿಕ್ಕವು. ವಿಂಡೋಸಿನ ಪೇಜ್ ಫೈಲ್. ಎರಡು ಸಿಸ್ಟಮ್ ಫೈಲುಗಳು, ಅವುಗಳಲ್ಲೊಂದು ಡ್ರೈವರ್. ಹಳೆಯ ಅಪ್‌ಡೇಟಿನ ಒಂದು ತುಣುಕು. ನುಡಿಯ ಒಂದು ಫಾಂಟ್. 61ನೇ ಪುಟದ ಆ ಫೋಟೊ. ಮತ್ತು 2019ರ ಒಂದು ಮದುವೆ ಕಾರ್ಡು.

ಚುಕ್ಕಿಗಳು ಸುತ್ತುತ್ತಾ ನಿಂತದ್ದಕ್ಕೆ ಕಾರಣ ಆ ಡ್ರೈವರ್ ಫೈಲ್ ಅಂತ ನನಗೆ ಅನ್ನಿಸಿತು. ಎದ್ದೇಳುವಾಗ ಓದಲೇಬೇಕಾದವುಗಳಲ್ಲಿ ಅದೊಂದು. ಇಪ್ಪತ್ತು ವರ್ಷದ ಕೆಲಸವನ್ನು ಒಂದು ಚಿಕ್ಕ ಫೈಲ್ ತಡೆದು ನಿಲ್ಲಿಸಿತ್ತು.

ಶನಿವಾರ ಬೆಳಿಗ್ಗೆ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡಿಗೆ ನಡೆದೆ. ಹಬ್ಬ ಮುಗಿದು ಮೂರೇ ದಿನವಾಗಿದ್ದರೂ ಗಲ್ಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. 1 ಟಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ಡಿಸ್ಕ್, ಮತ್ತು ಆ ಮಾಡೆಲ್ಲಿಗೆ ಹೊಂದುವ ಬ್ಯಾಟರಿ ಬೇಕಿತ್ತು. ಎಸ್‌ಎಸ್‌ಡಿ ಎರಡನೇ ಅಂಗಡಿಯಲ್ಲೇ ಸಿಕ್ಕಿತು. ಬ್ಯಾಟರಿಗೆ ಆರು ಅಂಗಡಿ ಸುತ್ತಿದೆ. ಹಳೆಯ ಮಾಡೆಲ್ ಸರ್ ಅಂತ ಎಲ್ಲರೂ ತಲೆ ಅಲ್ಲಾಡಿಸಿದರು. ಒಬ್ಬರು ತಯಾರಾದ ದಿನಾಂಕವಿಲ್ಲದ ಒಂದನ್ನು ಕೊಡಲು ಬಂದರು. ಬೇಡ ಅಂದೆ. ಒಂದು ಸಲ ಉಬ್ಬಿದ ಬ್ಯಾಟರಿ ನೋಡಿದ ಮನೆಗೆ ಊರು ಹೆಸರಿಲ್ಲದ ಇನ್ನೊಂದನ್ನು ಕಳಿಸಲು ಮನಸ್ಸು ಒಪ್ಪಲಿಲ್ಲ. ಆರ್ಡರ್ ಕೊಟ್ಟು ಬಂದೆ. ಹದಿನೈದು ದಿನ ಅಂದರು.

ಪ್ರತಿಯನ್ನು ಎಸ್‌ಎಸ್‌ಡಿಗೆ ಸುರಿದು ಲ್ಯಾಪ್‌ಟಾಪಿನಲ್ಲಿ ಕೂರಿಸಿದೆ. ವಿಂಡೋಸ್ ಪೆನ್‌ಡ್ರೈವಿನಿಂದ ಆನ್ ಮಾಡಿ ಈಗ ಚೆಕ್‌ಡಿಸ್ಕ್ ಓಡಿಸಿದೆ. ಈಗ ಭಯವಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಪ್ರತಿ ನನ್ನ ಹತ್ತಿರ ಇದೆ. 11 ಪರ್ಸೆಂಟ್ ಬಂತು, ದಾಟಿತು. ಆಮೇಲೆ ಸಿಸ್ಟಮ್ ಫೈಲುಗಳನ್ನು ಪರೀಕ್ಷಿಸಿ ಬದಲಿಸುವ ಆಜ್ಞೆ ಕೊಟ್ಟೆ. ಎರಡು ಫೈಲ್ ಸರಿಮಾಡಿದೆ ಅಂತ ಹೇಳಿತು. ಪೆನ್‌ಡ್ರೈವ್ ಕಿತ್ತು ಆನ್ ಮಾಡಿದೆ. ಲೋಗೊ, ಚುಕ್ಕಿಗಳು ಮೂರು ಸುತ್ತು, ನಂತರ ಅಕ್ಕನ ಹೆಸರು.

ನುಡಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿದಾಗ ಕೆಟ್ಟ ಫಾಂಟ್ ತಾನಾಗಿಯೇ ಸರಿಹೋಯಿತು. ಪೇಜ್‌ಮೇಕರ್ ತೆರೆದು 96 ಪುಟಗಳನ್ನೂ ಒಂದೊಂದಾಗಿ ತಿರುವಿದೆ. ಒತ್ತಕ್ಷರಗಳು ಅವುಗಳ ಜಾಗದಲ್ಲೇ ಇದ್ದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಹೆಚ್ಚುವರಿ ಸುರಕ್ಷತಾ ಅಪ್‌ಡೇಟಿಗೂ ಹೆಸರು ನೋಂದಾಯಿಸಿದೆ. ಅದು 2026ರ ಅಕ್ಟೋಬರ್ 13ರವರೆಗೆ ಬರುತ್ತದೆ. ಅಷ್ಟರಲ್ಲಿ ಬೇರೆ ಲ್ಯಾಪ್‌ಟಾಪ್ ಬಗ್ಗೆ ಯೋಚಿಸಿ ಅಕ್ಕಾ ಅಂತ ಹೇಳಿದ್ದೇನೆ. ಜೊತೆಗೆ ಒಂದು ಹೊರಗಿನ ಡಿಸ್ಕ್ ಕೊಟ್ಟು, ಪ್ರತಿ ಸಂಜೆ ಅವತ್ತಿನ ಫೋಲ್ಡರ್ ಅದಕ್ಕೆ ಹಾಕಿ, ಕಿತ್ತು ಬೀರುವಿನಲ್ಲಿಡುವುದನ್ನು ತೋರಿಸಿಕೊಟ್ಟೆ. ಚುಚ್ಚಿಯೇ ಬಿಟ್ಟರೆ ಲ್ಯಾಪ್‌ಟಾಪಿಗೆ ಬಂದ ಕಷ್ಟ ಅದಕ್ಕೂ ಬರುತ್ತದೆ.

ಇನ್ನು ಕರೆಂಟ್. ಬ್ಯಾಟರಿ ಬರುವವರೆಗೆ ಏನು ಮಾಡುವುದು? ಭಾನುವಾರ ಸಂಜೆ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೇ ಹೋದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡದಿಂದ ಎರಡು ರಸ್ತೆ ಆಚೆ. ಮನೆಯಲ್ಲಿ ಯುಪಿಎಸ್ ಇತ್ತು! ಹಾಲಿನ ಲೈಟು, ಫ್ಯಾನು, ಟಿವಿಗೆ ಲೈನ್ ಎಳೆದಿದ್ದರು. ಅಕ್ಕ ಕೆಲಸ ಮಾಡುವ ಮೂಲೆಯ ಪ್ಲಗ್ ಪಾಯಿಂಟ್ ಮಾತ್ರ ಆ ಲೈನಿನಲ್ಲಿ ಇರಲಿಲ್ಲ. ಎಂಟು ವರ್ಷ ಅವರು ಕೂತಿದ್ದ ಜಾಗದಿಂದ ಯುಪಿಎಸ್ ಇರುವ ಪಾಯಿಂಟಿಗೆ ಆರು ಅಡಿ ದೂರ.

ಟೇಬಲ್ ಎಳೆದು ಟಿವಿ ಪಕ್ಕದ ಗೋಡೆಗೆ ಹಾಕಿದೆವು. ಅಡಾಪ್ಟರ್ ಆ ಪಾಯಿಂಟಿಗೆ ಚುಚ್ಚಿದೆ. ಅಕ್ಕ 61ನೇ ಪುಟ ತೆರೆದು, ಹೊಸದಾಗಿ ಬಂದ ಫೋಟೊ ಕೂರಿಸಿ, ಕೆಳಗೆ ಅಡಿಬರಹ ಟೈಪ್ ಮಾಡತೊಡಗಿದರು.

"ಸೇವ್ ಮಾಡಿದೀರಾ ಅಕ್ಕಾ?"

"ಮಾಡ್ದೆ."

ಬಾಗಿಲ ಹಿಂದಿನ ಮೇನ್ ಸ್ವಿಚ್ ಕೆಳಗೆ ಎಳೆದೆ. ಅಡುಗೆಮನೆಯ ಫ್ರಿಜ್ಜಿನ ಸದ್ದು ನಿಂತಿತು. ಯುಪಿಎಸ್ ಒಂದು ಸಲ ಬೀಪ್ ಅಂದಿತು. ಅಕ್ಕ ತಲೆ ಎತ್ತಿ ನೋಡಿದರು. ಪರದೆ ಹಾಗೇ ಇತ್ತು. ಮತ್ತೆ ಟೈಪ್ ಮಾಡಲು ಶುರು ಮಾಡಿದರು.